ಎಂಟುನೂರು ಅಗಲದ ಪರದೆ

ಮಿರಜ, ೯ ಜನವರಿ ೨೦೦೩, ಗುರುವಾರ

ಮೈದುನನ ಮಗಳು ಸಂಪದಾಳ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ನಮ್ಮ ಅರಿಸಿನದ ಅಂಗಡಿಗೆ ಅವಳೇ ವೆಬ್‌ಸೈಟ್ ಮಾಡಿದ್ದಾಳೆ. ಅದರಲ್ಲಿ ಯಜಮಾನರ ಫೋಟೋ ಇದೆ ಎಂದಳು. ಅವರು ತೀರಿಕೊಂಡು ಐದು ತಿಂಗಳು. ಸಂಜೆ ಅತ್ತೆಯನ್ನು ಸೈಬರ್ ಕೆಫೆಗೆ ಕರೆದೊಯ್ದೆ. ಪರದೆಯ ತುಂಬ ಅರಿಸಿನದ ಚೀಲಗಳು, ಬಲತುದಿಗೆ ಅವರ ಒಂದು ಹೆಗಲು. ಮುಖವೇ ಇಲ್ಲ.

"ನನ್ನ ಮಗಾ ಎಲ್ಲಿ ಅದಾನವಾ?" ಎಂದು ಅತ್ತೆ ಗಾಜು ಸವರಿದರು.

ಅಲ್ಲಿಂದಲೇ ಸಂಪದಾಳಿಗೆ ಫೋನ್ ಮಾಡಿದೆ.

"ಕಾಕು, ನಾ ಪುಟಾ ಸಾವಿರದ ಇಪ್ಪತ್ನಾಕ ಪಿಕ್ಸೆಲ್ ಅಗಲ ಇಟ್ಟೇನಿ. ಅಲ್ಲಿದು ಎಂಟನೂರರ ಹಳೇ ಸ್ಕ್ರೀನ್. ಕೆಳಗಿನ ಪಟ್ಟಿ ಸರಸ್ರಿ, ಕಾಕಾ ಕಾಣ್ತಾರ."

"ನಿಮ್ಮ ಕಾಕಾನ ಮುಖಾ ಸರಿಸಿ ನೋಡಬೇಕೇನ? ಊರಾಗ ನಿನ್ನ ಸ್ಕ್ರೀನ್ ಒಂದ ಐತೇನ?"

ಪಟ್ಟಿ ಹುಡುಕುವಷ್ಟರಲ್ಲಿ ಕರೆಂಟು ಹೋಯಿತು. ಬರುತ್ತದೆಂದು ಅತ್ತೆ ಏಳಲಿಲ್ಲ. ಮನೆ ಸೇರಿದಾಗ ಹೊತ್ತು ಮುಳುಗಿತ್ತು. ಜೈನರ ನೇಮ, ಮುಳುಗಿದ ಮೇಲೆ ಅತ್ತೆ ಜನ್ಮದಲ್ಲಿ ಉಂಡವರಲ್ಲ. ಮಗನ ಮುಖವೂ ಇಲ್ಲ, ಊಟವೂ ಇಲ್ಲ, ಹಾಗೇ ಮಲಗಿದ್ದಾರೆ.

ನಾಳೆ ಸಂಪದಾ ಅದೇ ಕೆಫೆಯಲ್ಲಿ, ಅದೇ ಪರದೆಯ ಮುಂದೆ ಕೂತು ಅಗಲ ಇಳಿಸಬೇಕು. ಪಕ್ಕದಲ್ಲಿ ಅತ್ತೆ ಕೂರುತ್ತಾರೆ. ಹೊತ್ತಿರುವಾಗಲೇ.