ಕಮಲಾಪುರದಲ್ಲಿ ಖಾಲಿ ಬಿಟ್ಟ ಎಡಮೂಲೆ

ಫಸಲಿ ೧೩೩೮, ಬಹಮನ್ ೧೦, ಶುಕ್ರವಾರ

ಅಕ್ಷರ ಸೊಟ್ಟಗಿವೆ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವನನ್ನು ಕ್ಷಮಿಸಬೇಕು.

ಕಮಲಾಪುರದವರ ಅಂಗಳದಲ್ಲಿ ನಮ್ಮ ಕಲಬುರ್ಗಿಯ ಹುತುತು (ಕಬಡ್ಡಿ) ತಂಡ ಒಂದೇ ಅಂಕದಿಂದ ಗೆದ್ದಿತು. ಅಣ್ಣ ಅಮೋಘಸಿದ್ದ ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅದಕ್ಕೆ ಅವನು ನಿಲ್ಲುತ್ತಿದ್ದ ಎಡಮೂಲೆಯನ್ನು ಖಾಲಿ ಬಿಟ್ಟು ಏಳರ ಬದಲು ಆರೇ ಜನ ಆಡಿದರು; ನಾನು ಹೊರಗೆ ಕೂತು ನೋಡುತ್ತಿದ್ದೆ.

ತಿರುಗಿ ಬರುವಾಗ ಮೋಟಾರಿನಲ್ಲಿ ಒಂದೇ ವಾದ. ಕೊನೆಯಲ್ಲಿ ದಾಳಿಗೆ ಬಂದ ಅವರ ಆಟಗಾರನ ಕಾಲು ಹಿಡಿದವರು ಯಾರು?

“ದೇವೀಂದ್ರಪ್ಪಾ, ನೀನಽ ಹಿಡದಿ, ನಾ ನೋಡೀನಿ,” ಎಂದರು ಆಟ ನೋಡಲು ನಮ್ಮ ಜೊತೆ ಬಂದಿದ್ದ ಗುರುಲಿಂಗಪ್ಪ ಕಾಕಾ.

“ಇಲ್ರೀ ಕಾಕಾ, ನಾ ಬಲಕ್ಕಿದ್ದೆ. ನಿಮಗ ಚಾಳೀಸು ಬೇಕಾಗ್ಯದ ನೋಡ್ರಿ!”

ಎಲ್ಲರೂ ನಕ್ಕರು. ಆರೂ ಜನ ‘ನಾನಲ್ಲ’ ಎಂದ ಮೇಲೆ ಯಾರೂ ನಗಲಿಲ್ಲ.

“ಸಿಕ್ಕಾಂವ ಏನಂದ ಗೊತ್ತದ ಏನ್ರೀ?” ದೇವೀಂದ್ರಪ್ಪ ಮೆಲ್ಲಗೆ ಹೇಳಿದ. “ಎಡಮೂಲ್ಯಾಗ ಇದ್ದಾಂವನ ಕೈ ಭಾಳ ತಣ್ಣಗಿತ್ತು ಅಂದ.”

ನಾನು ಮಾಡಿದ್ದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ. ಅವ್ವ ಈಗೀಗ ಅಳು ನಿಲ್ಲಿಸಿದ್ದಾಳೆ, ಅವಳಿಗಾದರೂ ಹೇಗೆ ಹೇಳಲಿ? ಇವತ್ತು ಬೆಳಿಗ್ಗೆ ಮೋಟಾರು ಹತ್ತುವ ಮೊದಲು ಅಣ್ಣನ ಸಮಾಧಿಗೆ ಹೋಗಿ, ಮಣ್ಣಿಗೆ ಬಾಯಿ ಹಚ್ಚಿ, “ಇವತ್ತೊಂದಿನ ಬಾ ಅಣ್ಣಾ” ಎಂದು ಕರೆದು ಬಂದಿದ್ದೆ. ಆಟ ಮುಗಿದ ಮೇಲೆ ಹೋಗು ಎಂದು ಹೇಳಿರಲಿಲ್ಲ.