ಹಿಗ್ಗಿಸಿ ನೋಡಿದಾಗ ಕಂಡ ಗದ್ದೆ

ರಾಘುವಿನ ಅಪ್ಪನಿಗೆ,

ನೀವು ಊರಲ್ಲಿಲ್ಲ, ಅದಕ್ಕೇ ಈ ಕಾಗದ. ಕ್ಷೇಮಸಮಾಚಾರ ಕೇಳುವುದಿಲ್ಲ. ಕೇಳಬೇಕಾದ್ದು ಬೇರೆಯೇ ಇದೆ.

ನೀವು ಫೋನ್ ಹಿಡಿದು ಗದ್ದೆಯ ಗಡಿ ನಡೆದ ದಿನ ನೆನಪಿದೆಯೇ? ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರೂ ಕಡೆಯ ಜಮೀನುಗಳ ನಕ್ಷೆಯನ್ನು ಇಂಟರ್ನೆಟ್ಟಿಗೆ ಹಾಕುವ ಕೆಲಸ ಸೊಸೆ ಸವಿತಳದ್ದು. ಮನೆಯ ಹಿರಿಯರು ಬದುವಿನ ಮೇಲೆ ನಡೆದರೆ ಹೆಜ್ಜೆಯೇ ಗೆರೆಯಾಗುತ್ತದೆ ಅಂದಿದ್ದಳು. ನಾನೂ ಹೊರಟೆ. "ನಿಂಗೆ ಮಂಡಿನೋವು, ಕೆಸರಲ್ಲಿ ಎಂತಕ್ಕೆ? ನಾನೇ ಸುತ್ತಿ ಬರ್ತೀನಿ" ಅಂದಿರಿ. ನನ್ನ ಮಂಡಿಯ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ. ನೀವು ಎರಡು ಸುತ್ತು ನಡೆದಿರೆಂದು ನನಗೆ ಯಾರು ಹೇಳಬೇಕಿತ್ತು?

ಕಳೆದ ವಾರ ಪಂಚಾಯಿತಿ ಸಭೆಯಲ್ಲಿ ಆ ನಕ್ಷೆಯನ್ನು ಗೋಡೆಯ ಮೇಲೆ ತೋರಿಸಿದರು. ಊರು ಒಪ್ಪಿದರೆ ಅರ್ಜಿ ಮುಂದಕ್ಕೆ, ಆಮೇಲೆ ಆಯಾ ತುಂಡು ಆಯಾ ಹೆಸರಿಗೆ. ಅಷ್ಟೂ ಗದ್ದೆ ಒಟ್ಟಿಗೆ ಬಂದರೆ ಫೋನ್ ನಿಂತೇಹೋಗುತ್ತದಂತೆ. ಅದಕ್ಕೇ ಸವಿತಾ ನಕ್ಷೆಯನ್ನು ಚೌಕ ಚೌಕವಾಗಿ ಕತ್ತರಿಸಿಟ್ಟಿದ್ದಾಳೆ. ಟೈಲ್ಸ್ ಅನ್ನುತ್ತಾಳೆ. ನೋಡುವ ಚೌಕ ಮಾತ್ರ ಬರುತ್ತದೆ. ದೂರದಿಂದ ನೋಡುವಾಗ ಗೆರೆಯ ಸೊಟ್ಟು ನೇರವಾಗಿ, ತೀರ ಸಣ್ಣ ತುಂಡು ಪಕ್ಕದ ದೊಡ್ಡದರಲ್ಲಿ ಸೇರಿಹೋಗುತ್ತದೆ. ಹತ್ತಿರ ಹೋದ ಹಾಗೆ ಒಂದೊಂದೇ ಬಿಡಿಸಿಕೊಳ್ಳುತ್ತದೆ.

ನಮ್ಮ ಗದ್ದೆ ಇಡಿಯಾಗಿ ಕಂಡಾಗ ನನಗೆ ಹೆಮ್ಮೆ ತಡೆಯಲಿಲ್ಲ. "ಹತ್ರ ತಗೊಂಡು ತೋರ್ಸೆ, ಎಲ್ರೂ ನೋಡ್ಲಿ" ಅಂದೆ. ಸವಿತಾ ತಲೆ ತಗ್ಗಿಸಿದಳು. "ಇಷ್ಟು ಸಾಕಲ್ವಾ ಅತ್ತೆ?" ನಾನು ಗದರಿದೆ. ಅವಳು ಹಿಗ್ಗಿಸಿದಳು. ಕೆರೆಯ ಕೆಳಗಿನ ಮೂಲೆ, ನೀವು ಎರಡನೇ ಸುತ್ತು ನಡೆದ ಜಾಗ, ಬೇರೆ ಬಣ್ಣವಾಯಿತು. ಅದರೊಳಗೆ ನಿಮ್ಮ ತಂಗಿ ಗಿರಿಜಳ ಹೆಸರು. ಕೆಳಗೆ ನಿಮ್ಮ ಒಪ್ಪಿಗೆ ಪತ್ರ, ನಿಮ್ಮದೇ ರುಜು.

ಗಿರಿಜಾ ಪಾಲು ಕೇಳಲು ಆನಂದಪುರದಿಂದ ಬಂದಿದ್ದಾಗ ಜಗಲಿಯಲ್ಲಿ ನಾನು ಏನೆಂದೆ? ಮಾವ ಗೇಣಿಗೆ ಗೆಯ್ದು, ಉಳುವವನೇ ಒಡೆಯ ಎಂಬ ಕಾನೂನು ಬಂದಮೇಲೆ ತಮ್ಮದಾಗಿಸಿಕೊಂಡ ಗದ್ದೆ, ಒಡೆಯುವುದಿಲ್ಲ ಎಂದೆ. ನೀವು ತಲೆಯಾಡಿಸಿದಿರಿ. ಅವಳು ನೀರೂ ಕುಡಿಯದೆ ಹೋದಳು. ನನ್ನ ಮಾತು ಸರಿಯಲ್ಲ ಅನ್ನುವುದಿದ್ದರೆ ನನ್ನೆದುರೇ ಅನ್ನಬಹುದಿತ್ತಲ್ಲ? ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು, ನನಗೊಂದು ಮಾತು...

ಆ ಗಳಿಗೆ ಇಡೀ ಸಭೆ ನನ್ನ ಮುಖ ನೋಡುತ್ತಿತ್ತು. "ತಕರಾರು ಇದ್ರೆ ಈಗ್ಲೇ ಹೇಳಿ ದೊಡ್ಡಮ್ಮ" ಎಂದರು ಅಧ್ಯಕ್ಷರು. ಗಂಡ ನನ್ನ ಕಣ್ಣು ಕಟ್ಟಿದ ಎಂದು ಊರೆದುರು ಹೇಳಲೇ?

"ಎಂತ ತಕರಾರು? ನಾನೇ ಹೇಳಿ ಕೊಡ್ಸಿದ್ದು" ಅಂದೆ.

ಮನೆಗೆ ಬರುವಾಗ ಸವಿತಳನ್ನು ದಾರಿಯಲ್ಲೇ ನಿಲ್ಲಿಸಿ ಕೇಳಿದೆ. "ಇಷ್ಟು ಸಣ್ಣದು ಕಾಣ್ತದಾ ಅಂತ ಮಾವ ಕೇಳಿದ್ರು ಅತ್ತೆ. ದೂರದಿಂದ ಕಾಣಲ್ಲ ಅಂದೆ. 'ಹಂಗಾದ್ರೆ ಅಡ್ಡಿಲ್ಲ ಬಿಡು, ನಿಮ್ಮತ್ತೆ ಎಲ್ಲಾನೂ ದೂರದಿಂದ್ಲೇ ನೋಡದು' ಅಂದ್ರು." ಹೇಳುವಾಗ ಅವಳಿಗೆ ನಗು ಬಂದು, ನುಂಗಿಕೊಂಡಳು. ನನ್ನ ಸೊಸೆಯ ಹತ್ತಿರ ನನ್ನನ್ನು ಹಾಗೆ ಅಂದಿರಲ್ಲ. ಗದ್ದೆ ಹೋದದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ನಿನ್ನೆ ಗಿರಿಜಾ ಬಂದಿದ್ದಳು. ಸಭೆಯ ಸುದ್ದಿ ಅಲ್ಲಿಗೂ ಮುಟ್ಟಿದೆ. ನನ್ನ ಕಾಲು ಮುಟ್ಟಿ, "ಅತ್ತಿಗೆ, ಅಣ್ಣಂಗೆ ಇಲ್ದಿರೋ ಧೈರ್ಯ ನಿಮಗಿತ್ತು" ಅಂದಳು. ನಿಜ ಹೇಳದೆ, ನೀರು ಬೆಲ್ಲ ಕೊಟ್ಟು ಕಳಿಸಿದೆ. ನೀವು ಕೊಟ್ಟದ್ದು ನನ್ನ ಹೆಸರಿನಲ್ಲಿ ಹೋಯಿತು. ಅವಳ ಕಣ್ಣಲ್ಲಿ ನೀವು ಹೇಡಿಯಾಗಿ ಉಳಿದಿರಿ. ಸರಿಯಾಯಿತು ಎಂದು ಒಂದು ಕ್ಷಣ ಅನ್ನಿಸಿತು, ಸುಳ್ಳೇಕೆ?

ಆದರೆ ನನ್ನದಲ್ಲದ್ದನ್ನು ಇಟ್ಟುಕೊಂಡು ನನಗೆ ಅಭ್ಯಾಸವಿಲ್ಲ. ಬರುವ ಸೋಮವಾರ ಬಸ್ಸು ಹತ್ತಿ ಆನಂದಪುರಕ್ಕೆ ಹೋಗುತ್ತೇನೆ. ಕೊಟ್ಟವನು ನಿನ್ನ ಅಣ್ಣ, ತಡೆದವಳು ನಾನು ಎಂದು ಅವಳ ಮನೆಯಲ್ಲಿ ಕೂತು ಹೇಳುತ್ತೇನೆ. ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ.

ನಿಮ್ಮ ಹೆಂಡತಿ