ಬಾಗಿಲ ಬಳಿಯ ರಬ್ಬರ್ ಬೂಟು

ಅಕ್ಕನ ಮನೆ,
ಬುಧವಾರ ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ನನ್ನ ಅನುಮಾನ ಕೇಳಿ.

ಅಕ್ಕನಿಗೆ ಮೈ ಹುಷಾರಿಲ್ಲವೆಂದು ಪುಟ್ಟಿಯನ್ನು ಕರೆದುಕೊಂಡು ಬಂದೆನಲ್ಲ, ಅದು ಸುಳ್ಳು. ಅವಳು ಗುಂಡುಕಲ್ಲಿನ ಹಾಗಿದ್ದಾಳೆ. ನಿಮ್ಮ ಮುಖ ನೋಡಿಕೊಂಡು ಇದನ್ನೆಲ್ಲ ಕೇಳುವ ಧೈರ್ಯ ನನಗಿರಲಿಲ್ಲ.

ಊರಿನ ಕೊಳಚೆಯನ್ನು ಪೈಪಿನಲ್ಲಿ ಕೆರೆಯಾಚೆ ತಿರುಗಿಸುವುದು, ಆಮೇಲೆ ನದಿಯ ನೀರು ಬಿಟ್ಟು ಕೆರೆಯನ್ನು ತಿಳಿಯಾಗಿಸುವುದು, ಇದಲ್ಲವೇ ಯೋಜನೆ? ನದಿಯ ನೀರು ಬಿಡುವ ತೂಬು ನಿಮ್ಮ ಕೈಯಲ್ಲಿ, ನೀರಿನ ಪರೀಕ್ಷೆ ನನ್ನ ಕೈಯಲ್ಲಿ. ಇನ್ನೊಂದು ಸಲ ನಾನು ಸರಿ ಎಂದರೆ ಆ ನೀರು ಮನೆಗಳ ನಲ್ಲಿಗೆ ಬರುತ್ತದೆ, ಪುಟ್ಟಿಯ ಶಾಲೆಗೂ. ಉಳಿದ ದಿನವೆಲ್ಲ ಮೂಗಿಗೆ ಬಡಿಯುವ ಕೆರೆಯ ನಾತ, ನಾನು ಬಾಟಲಿ ಹಿಡಿದು ಹೋದ ದಿನ ಮಾತ್ರ ಎಲ್ಲಿ ಅಡಗುತ್ತದೆ?

ನೀರಿನ ಮಾದರಿ ತೆಗೆಯುವ ದಿನವನ್ನು ನಾನು ಯಾರಿಗೂ ಹೇಳುವುದಿಲ್ಲ. ನಿಮಗೂ ಹೇಳಿಲ್ಲ. ಮೊದಲು ನಮ್ಮ ಆಫೀಸಿನ ಜೀಪಿನ ಡ್ರೈವರ್ ಬಾಯಿಬಿಟ್ಟನೆಂದು ಸಂಶಯಪಟ್ಟೆ, ಪಾಪ. ಆಮೇಲೆ ಬೂಟು ನೆನಪಾಯಿತು. ಹಿಂದಿನ ಸಂಜೆಯೇ ರಬ್ಬರ್ ಬೂಟನ್ನು ಅಟ್ಟದಿಂದ ಇಳಿಸಿ ಬಾಗಿಲ ಬಳಿ ಇಡುವುದು ನನ್ನ ಅಭ್ಯಾಸ. ತಿಂದ ತಟ್ಟೆ ಎತ್ತದ ನೀವು ಆ ಬೂಟನ್ನು ಒರೆಸಿಡಲು ಶುರುಮಾಡಿದ್ದಿರಿ. ಇಷ್ಟು ವರ್ಷಕ್ಕೆ ಗಂಡನಿಗೆ ಪ್ರೀತಿ ಉಕ್ಕಿತೆಂದು ಹಿಗ್ಗಿದ್ದೆ. ಅಕ್ಕನ ಹತ್ತಿರ ಹೇಳಿಕೊಂಡೂ ಇದ್ದೆ.

ಕಳೆದ ವಾರ ಕೆರೆಯ ಕೆಲಸವಿಲ್ಲದಿದ್ದರೂ ಸುಮ್ಮನೆ ಬೂಟು ಇಳಿಸಿಟ್ಟೆ. ನೀವು ಒರೆಸಿದಿರಿ, ಚಹಾ ಕುಡಿದಿರಿ, ತೂಬಿಗೆ ಗ್ರೀಸ್ ಹಚ್ಚಬೇಕೆಂದು ಹೊರಟಿರಿ. ಬೆಳಿಗ್ಗೆ ತರಕಾರಿಯ ನೆಪದಲ್ಲಿ ಹೋಗಿ ನೋಡಿದರೆ ತೂಬು ಪೂರ್ತಿ ತೆರೆದಿತ್ತು, ನದಿಯ ನೀರು ಭರ್ರೆಂದು ಬರುತ್ತಿತ್ತು. ಆಚೆ ದಡಕ್ಕೆ ನಡೆದೆ. ಕೊಳಚೆಯ ಪೈಪು ಮುಳ್ಳುಪೊದೆಯ ಹಿಂದೆ ಅರ್ಧಕ್ಕೇ ನಿಂತಿದೆ, ಅದರ ಬಾಯಿ ಈಗಲೂ ಕೆರೆಗೇ. ಉಪ್ಪು ಹೆಚ್ಚಾದ ಅಡುಗೆಗೆ ಒಂದು ಕೈಯಲ್ಲಿ ನೀರು ಸುರಿಯುತ್ತ ಇನ್ನೊಂದು ಕೈಯಲ್ಲಿ ಉಪ್ಪು ಹಾಕುತ್ತಲೇ ಇದ್ದರೆ ಆ ಅಡುಗೆ ಸರಿಹೋಗುತ್ತದೆಯೇ?

ಆ ಸಂಜೆ, ಬೂಟಿಗೆ ಇವತ್ತು ಮಣ್ಣೇ ಆಗಿಲ್ಲ ನೋಡಿ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮೇಲಿನವರು ಹೇಳಿದ್ದಕ್ಕೆ ತೆರೆದೆ, ಅದರಲ್ಲಿ ನನ್ನದೇನು ತಪ್ಪು ಎಂದಿರಿ. ನಾನು ತೂಬಿನ ಮಾತೇ ಎತ್ತಿರಲಿಲ್ಲ.

ನಿಮ್ಮ ಕೆಲಸ ಹೋದೀತೆಂಬ ಭಯ ನನಗೂ ಇದೆ. ಆದರೂ ಒಂದು ಕೇಳಬೇಕು. ಆ ಬೂಟನ್ನು ಒಂದು ಸಲವಾದರೂ, ಇದು ನನ್ನ ಹೆಂಡತಿ ಹಾಕಿಕೊಳ್ಳುವುದು ಎಂದುಕೊಂಡು ಒರೆಸಿದ್ದಿರಾ? ಹೌದೆಂದು ಬರೆಯಿರಿ. ನಂಬುವುದಿಲ್ಲ, ಆದರೂ ಓದಬೇಕೆನಿಸಿದೆ.

ಇಂತಿ,
ಪುಟ್ಟಿಯ ಅಮ್ಮ

ತಾ.ಕ.: ಬೂಟು ಅಟ್ಟದಲ್ಲೇ ಇದೆ, ನೋಡಿಕೊಂಡಿದ್ದೀರಿ ತಾನೆ? ಅದಕ್ಕೇ ಇವತ್ತು ತೂಬು ಮುಚ್ಚಿತ್ತು. ಬೆಳಿಗ್ಗೆ ಅಕ್ಕನ ಹಳೇ ಚಪ್ಪಲಿ ಹಾಕಿಕೊಂಡು ಕೆರೆಗೆ ಇಳಿದು ಬಂದೆ. ಬಾಟಲಿಗಳು ಆಗಲೇ ಪ್ರಯೋಗಾಲಯ ಸೇರಿವೆ. ಚಪ್ಪಲಿಯನ್ನು ಎಷ್ಟು ತೊಳೆದರೂ ನಾತ ಹೋಗುತ್ತಿಲ್ಲ.